ಐಸಾಕನ ಶನಿವಾರ

ಶನಿವಾರ ಬಂತೆಂದರೆ ಐಸಾಕ್ ಲಿಫ್ಟ್ ಮುಟ್ಟುತ್ತಿರಲಿಲ್ಲ. ಅಬುಧಾಬಿಯ ನಮ್ಮ ಕಟ್ಟಡದ ಐದು ಮಹಡಿಗಳನ್ನೂ ಮೊಣಕಾಲು ಹಿಡಿದುಕೊಂಡು ಹತ್ತಿ, ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ. ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಬೆಳೆದ ಯಹೂದಿ. ಹೆಸರು ಕೇಳಿದವರೆಲ್ಲ ಕ್ರಿಶ್ಚಿಯನ್ ಅಂದುಕೊಳ್ಳುತ್ತಿದ್ದರು, ಅವನೂ ತಿದ್ದುತ್ತಿರಲಿಲ್ಲ. ಅಲ್ ಮೀನಾದ ಹಾರ್ಡ್‌ವೇರ್ ಗೋಡೌನಿನಲ್ಲಿ ನಾವಿಬ್ಬರೂ ಸ್ಟೋರ್‌ಕೀಪರ್‌ಗಳು, ಇರುವುದೂ ಒಂದೇ ರೂಮಿನಲ್ಲಿ. ಊರಿಗೆಲ್ಲ ಶುಕ್ರವಾರ ರಜೆಯಾದರೂ ಗೋಡೌನಿನಲ್ಲಿ ಹಗಲು ಒಬ್ಬರು ಇರಲೇಬೇಕು; ಇವನು ನನ್ನ ಶುಕ್ರವಾರದ ಪಾಳಿಯನ್ನೂ ತಾನೇ ಮಾಡಿ ಶನಿವಾರ ರಜೆ ತೆಗೆದುಕೊಳ್ಳುತ್ತಿದ್ದ. ಶುಕ್ರವಾರ ಸಂಜೆ ದೀಪ ಹಚ್ಚಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಅವರ ಧರ್ಮದಲ್ಲಿ ವಿಶ್ರಾಂತಿಯ ದಿನ; ಒಲೆ, ಸ್ವಿಚ್ಚು, ಗಾಡಿ ಏನನ್ನೂ ಮುಟ್ಟುವ ಹಾಗಿಲ್ಲ. ಇಷ್ಟು ನೇಮದವನಿಗೂ ಸಾಡೇಸಾತಿ ಬಿಟ್ಟಿರಲಿಲ್ಲ.

ಆಗಸ್ಟಿನ ಒಂದು ಶನಿವಾರ ಕೆಲಸಕ್ಕೆ ಹೊರಟ ನಾನು ಅಭ್ಯಾಸಬಲದಿಂದ ಏಸಿ ಆರಿಸಿ ಹೋಗಿಬಿಟ್ಟೆ. ಮಧ್ಯಾಹ್ನ ಬಂದಾಗ ಬನಿಯನ್ ಕೂಡ ಇಲ್ಲದೆ ನೆಲದ ಮೇಲೆ ಬಿದ್ದುಕೊಂಡಿದ್ದ. "ಭಾಳ ಶಕಿ ಐತಿ ಅಲ್ರಿ ಶೆಟ್ರ?" ಎಂದ. "ಆಗಸ್ಟ್ ಅಲ್ವಾ ಮಾರಾಯಾ, ಇರ್ತದೆ" ಎಂದು ಅಡುಗೆಮನೆಯಲ್ಲೇ ನಿಂತು ಉಂಡು ಓಡಿದೆ. ಸಂಜೆ ಬಂದು ನೋಡಿದರೆ ಬೆಂದ ಬದನೆಕಾಯಿಯಾಗಿದ್ದ.

"ಬಾಯಿ ಬಿಟ್ಟು ಹೇಳ್ಲಿಕ್ಕೆ ಏನು ಧಾಡಿ ನಿಂಗೆ?"

"ಏಸಿ ಹಚ್ಚರಿ ಅಂತ ಶನಿವಾರ ನೇರ ಕೇಳಬಾರದ್ರಿ, ಸೂಚನಾ ಅಷ್ಟ ಕೊಡಬೇಕು. ಕೊಟ್ಟಿದ್ನೆಲ್ರಿ!"

ಅವನಿಗೆ ಬೇಕಾಗಿದ್ದದ್ದು ಒಂದೇ, ಹೆಂಡತಿ ರೆಬೆಕ್ಕಾಳನ್ನು ಕರೆಸಿಕೊಳ್ಳುವುದು. ಸೂಪರ್‌ವೈಸರ್ ಆದರೆ ಮಾತ್ರ ಫ್ಯಾಮಿಲಿ ವೀಸಾ, ಸೂಪರ್‌ವೈಸರ್ ಆಗಲು ಡ್ರೈವಿಂಗ್ ಲೈಸೆನ್ಸ್. ಟೆಸ್ಟಿನಲ್ಲಿ ಆರು ಸಲ ಫೇಲ್. ರೌಂಡ್‌ಅಬೌಟಿನಲ್ಲಿ ಬಂದ ಬಂದ ಗಾಡಿಗೆಲ್ಲ ದಾರಿ ಬಿಟ್ಟು ನಿಂತೇ ಇರುತ್ತಿದ್ದನಂತೆ. ಪಕ್ಕದಲ್ಲಿ ಕೂತ ಪೊಲೀಸಿನವನು ರೋಸಿ "ಖಲಾಸ್" ಎಂದು ಇಳಿಸುತ್ತಿದ್ದ. ಕೊನೆಗೆ ಮ್ಯಾನೇಜರು, ಈ ತಿಂಗಳು ಲೈಸೆನ್ಸ್ ಬರದಿದ್ದರೆ ಹುದ್ದೆ ಬೇರೆಯವರಿಗೆ ಎಂದುಬಿಟ್ಟರು. ಏಳನೇ ಟೆಸ್ಟಿಗೆ ಸಿಕ್ಕ ದಿನ ಶನಿವಾರ.

"ನಾ ಹೋಗಂಗಿಲ್ರಿ."

ನನ್ನ ಪಿತ್ತ ನೆತ್ತಿಗೇರಿತು. "ನಾಲ್ಕು ವರ್ಷದಿಂದ ಅವಳು ಕಾಯ್ತಿದ್ದಾಳೆ. ಒಂದು ಶನಿವಾರ ಬಿಟ್ರೆ ನಿನ್ನ ದೇವರಿಗೆ ಏನು ಲುಕ್ಸಾನು?" ಎಂದು ಗದರಿದೆ. ನಾನೇ ಕೈಹಿಡಿದು ಟ್ಯಾಕ್ಸಿ ಹತ್ತಿಸಿದೆ.

ಪಾಸಾಗಿ ಬಂದ. "ಆರು ಸಲ ಪಾಸ್ ಮಾಡಪಾ ಅಂತ ಬೇಡಕೊಂಡೆ, ಕೇಳಲಿಲ್ಲ. ಇವತ್ತ ಫೇಲ್ ಮಾಡಪಾ ಅಂದೆ. ಅದನ್ನೂ ಕೇಳಲಿಲ್ಲ ನೋಡ್ರಿ" ಎಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ.

ಕಂಪನಿಯ ಮದೀನತ್ ಜಾಯೆದ್ ಶಾಖೆಗೆ ಸೂಪರ್‌ವೈಸರ್ ಆಗಿ ಹೋದ, ರೆಬೆಕ್ಕಾ ಬಂದಳು. ಅಲ್ಲಿ ಪಾಳಿ ಬದಲಿಸಿಕೊಳ್ಳಲು ಇನ್ನೊಬ್ಬನಿರಲಿಲ್ಲ. ವರ್ಷದ ಮೇಲೆ ಒಂದು ಶನಿವಾರ ತಾನೇ ಪಿಕಪ್ ಓಡಿಸಿಕೊಂಡು ನಮ್ಮ ಗೋಡೌನಿನಿಂದ ಸಾಮಾನು ಒಯ್ಯಲು ಬಂದ.

"ಹೆಂಡತಿ ಖುಷಿಯಲ್ಲಿದ್ದಾಳಾ?" ಎಂದೆ.

"ಅದಾಳ್ರಿ. ಶುಕ್ರವಾರ ಸಂಜೀಕೆ ದೀಪಾ ಹಚ್ಚತಾಳ. ಮರುದಿನಾ ನಾ ಗಾಡಿ ಕೀಲಿ ತಗೊಂಡ್ರ, ಮಾರಿ ಆ ಕಡೆ ತಿರಗಸತಾಳ."

ನನಗೆ ನನ್ನ ಮೇಲೇ ಸಿಟ್ಟು ಬಂತು. ಗದರಿಸಿ ಕಳಿಸಿದವನು ನಾನೇ. ಸಾಮಾನೆಲ್ಲ ಪಿಕಪ್‌ಗೆ ಏರಿಸಿ, ಹೋಗಿ ಗೇಟು ತೆರೆದೆ. ಅವನನ್ನು ನೋಡಿದ್ದು ಅದೇ ಕೊನೆ.