ಒಂದು ಕಣ್ಣು ನೀಲಿಗೆ, ಒಂದು ಕಣ್ಣು ಮೆಣಸಿನಕಾಯಿಗೆ

ನಾನು ಶಾಲೆಗಳ ಗೋಡೆಗೆ ಚಿತ್ರ ಬರೆದು ಹೊಟ್ಟೆ ಹೊರೆಯುವವಳು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತ ಯಾವ ಊರಿಗೆ ಹೋದರೂ ನನ್ನ ಒಂದು ಆನೆಯೋ ಹುಲಿಯೋ ಗೋಡೆಯ ಮೇಲಿಂದ ನಿಮ್ಮನ್ನು ನೋಡುತ್ತಿರುತ್ತದೆ. ಬರೆದು ಬರೆದು ನನಗೇ ಅವುಗಳ ಮೇಲೆ ಸಿಟ್ಟು ಬಂದಿತ್ತು. ಆನೆಗೆ ಬೂದಿ ಬಣ್ಣ, ಹುಲಿಗೆ ಹಳದಿ, ಮಂಗನಿಗೆ ಕಂದು. ನೀಲಿ ಡಬ್ಬಿಯ ಮುಚ್ಚಳ ತೆಗೆಯುವುದು ಆಕಾಶಕ್ಕೆ, ನದಿಗೆ ಮಾತ್ರ.

ಅಂಥದ್ದರಲ್ಲಿ ಗುತ್ತಲದ ಕಡೆಯ ಒಂದು ಶಾಲೆಯ ಮುಖ್ಯ ಶಿಕ್ಷಕಿ ಫೋನ್ ಮಾಡಿದರು. "ಬರೇ ನೀಲಿ ಪ್ರಾಣಿ ಬರದು ಕೊಡ್ತೀರೇನ್ರಿ? ಜಗತ್ತಿನಾಗ ಎಷ್ಟು ಅದಾವೋ ಅಷ್ಟು. ಹುಡುಗ್ರು ಕೇಳಿದ್ರು, ನನಗ ನವಿಲು ಬಿಟ್ರ ಒಂದೂ ನೆನಪಾಗ್ಲಿಲ್ಲ ನೋಡ್ರಿ."

ನನಗೂ ನವಿಲು ಬಿಟ್ಟರೆ ಮಿಂಚುಳ್ಳಿ ಅಷ್ಟೇ ಹೊಳೆದದ್ದು. ಆದರೆ ಹುಡುಕಲು ಕೂತ ಮೇಲೆ ನನಗೆ ಹುಚ್ಚೇ ಹಿಡಿಯಿತು. ದಕ್ಷಿಣ ಅಮೆರಿಕದ ಕಾಡಿನಲ್ಲಿ ಹೆಬ್ಬೆರಳಷ್ಟಿರುವ ಕಪ್ಪೆ, ಮೈಯೆಲ್ಲ ಕಡುನೀಲಿ. ಆ ನೀಲಿಯ ಅರ್ಥ, ನನ್ನಲ್ಲಿ ವಿಷವಿದೆ, ದೂರ ಇರು ಎಂದು. ಅಂಗೈಯಷ್ಟಗಲದ ಪಾತರಗಿತ್ತಿ, ರೆಕ್ಕೆ ಮುಚ್ಚಿದರೆ ಒಣಗಿದ ಎಲೆ, ಬಿಚ್ಚಿದರೆ ಕಣ್ಣು ಕೋರೈಸುವ ನೀಲಿ. ಸಮುದ್ರದಲ್ಲಿ ಅಂಗಾತ ತೇಲುತ್ತ ಬದುಕುವ ಬೆರಳುದ್ದದ ನೀಲಿ ಹುಳ. ಸಿಟ್ಟು ಬಂದಾಗ ಮಾತ್ರ ಮೈಮೇಲೆ ನೀಲಿ ಉಂಗುರ ಮಿನುಗಿಸುವ ಆಕ್ಟೋಪಸ್, ಅದಕ್ಕೂ ನನಗೂ ಚೆನ್ನಾಗಿ ಹೊಂದುತ್ತಿತ್ತೇನೋ. ಮತ್ತೊಂದು ಕಡಲ ಹಕ್ಕಿಗೆ ಪಾದ ಮಾತ್ರ ನೀಲಿ. ಗಂಡು ಒಂದೊಂದೇ ಪಾದ ಎತ್ತಿ ಎತ್ತಿ ಹೆಣ್ಣಿಗೆ ತೋರಿಸಿ ಕುಣಿಯುತ್ತದೆ. ಅವ್ವನಿಗೆ ಮೊಬೈಲಿನಲ್ಲಿ ತೋರಿಸಿದರೆ, "ಹೊಸಾ ಹವಾಯಿ ಚಪ್ಪಲ್ ತಗೊಂಡಾನ, ಅದಕ ತೋರ್ಸಾಕತ್ತಾನ," ಎಂದು ನಕ್ಕಳು.

ಎಲ್ಲಕ್ಕಿಂತ ನನ್ನನ್ನು ಕುಣಿಸಿದ್ದು ಬೇರೆಯೇ ಸಂಗತಿ. ಈ ಪ್ರಾಣಿಗಳಲ್ಲಿ ಹೆಚ್ಚಿನವುಗಳ ಮೈಯಲ್ಲಿ ನೀಲಿ ಬಣ್ಣವೇ ಇಲ್ಲವಂತೆ! ಗರಿಯ, ರೆಕ್ಕೆಯ ಒಳಗಿನ ಕಣ್ಣಿಗೆ ಕಾಣದ ಪದರಗಳು ಬೆಳಕನ್ನು ಹಾಗೆ ತಿರುಗಿಸಿ ಕಳಿಸುತ್ತವೆ, ನಮಗೆ ನೀಲಿ ಕಾಣುತ್ತದೆ. ನವಿಲುಗರಿಯನ್ನು ಅರೆದು ಪುಡಿ ಮಾಡಿದರೆ ನೀಲಿ ಹೋಗಿ ಕಂದು ಉಳಿಯುತ್ತದೆ. ನಿಜವಾದ ನೀಲಿ ಬಣ್ಣವನ್ನೇ ಮೈಯಲ್ಲಿಟ್ಟುಕೊಂಡವು ಒಂದೆರಡು ಪುಟ್ಟ ಮೀನು, ಅಂಥವು ಬಹಳ ಕಡಿಮೆ. ನಾನು ಊಟದ ತಾಟು ಬಿಟ್ಟೆದ್ದು ಇದನ್ನು ಅಪ್ಪನಿಗೆ ಹೇಳಿದೆ.

ಅಪ್ಪ ರೊಟ್ಟಿ ಮುರಿಯುತ್ತಲೇ ಹೇಳಿದ, "ಹಂಗಾರ ಅದು ಬಣ್ಣನ ಅಲ್ಲ. ಕೈಗೆ ಹತ್ತಬೇಕು, ಅದು ಬಣ್ಣ."

ಅಪ್ಪನ ಕಸುಬು ಹಾಗೆ ಹೇಳಿಸಿತು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಖರೀದಿದಾರರೊಬ್ಬರ ಪರವಾಗಿ ಮಾಲು ನೋಡುವುದು ಅವನ ಕೆಲಸ. ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಾಯಿ ಎತ್ತಿ, ಮುರಿದು, ಹೆಬ್ಬೆರಳಿಗೆ ತಿಕ್ಕಿ ನೋಡಿ ಇಂಥ ದರಕ್ಕೆ ಆಗುತ್ತದೆ ಎಂದನೆಂದರೆ ಮುಗಿಯಿತು. ಅಪ್ಪನ ಕಣ್ಣು ಅಂದರೆ ಇಡೀ ಮಾರುಕಟ್ಟೆಗೆ ನಂಬಿಕೆ. ಆ ಕಣ್ಣನ್ನು ಅವನು ದಿನಾ ಬೆಳಿಗ್ಗೆ ಪರೀಕ್ಷೆ ಮಾಡುತ್ತಿದ್ದ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಹೊಸ್ತಿಲ ಬಿಸಿಲಿಗೆ ಒಂದು ಮೆಣಸಿನಕಾಯಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವುದು, ಆಮೇಲೆ ಇನ್ನೊಂದು ಮುಚ್ಚಿ ನೋಡುವುದು. "ಪಕ್ಕಾ ಅದಾವ," ಎಂದು ಕಾಯಿಯನ್ನು ಅವ್ವನ ಒಗ್ಗರಣೆಗೆ ಕೊಡುತ್ತಿದ್ದ. ಕೆಂಪು ಕಂಡರೆ ಕಣ್ಣು ಸರಿಯಿದೆ ಎಂದು ನಾವೂ ನಂಬಿದ್ದೆವು. ಬ್ಯಾಡಗಿಯವರು ಬೇರೆ ಹೇಗೆ ಯೋಚನೆ ಮಾಡಿಯಾರು?

ಅವನ ಇನ್ನೊಂದು ರೂಢಿ ಎಂದರೆ ಗೊಣಗುವುದು. "ಈಗಿನ ಕಾಯಿಗೆ ಮೊದಲಿನ ಬಣ್ಣ ಇಲ್ಲ. ಬೀಜ ಕೆಟ್ಟಾವ, ಭೂಮಿ ಕೆಟ್ಟೈತಿ." ಪಾಪ, ರೈತರು ತಲೆ ತಗ್ಗಿಸಿ ಕೇಳುತ್ತಿದ್ದರು.

ದಸರಾ ರಜೆಯಲ್ಲಿ ಶಾಲೆಯ ಕೆಲಸ ಶುರುವಾಯಿತು. ಮಾರುಕಟ್ಟೆ ಇಲ್ಲದ ದಿನ ಏಣಿ ಹಿಡಿಯಲು ಅಪ್ಪನೂ ಬರುತ್ತಿದ್ದ. ನಾನು ತಿಮಿಂಗಿಲವನ್ನು ಎಷ್ಟು ದೊಡ್ಡದು ಬರೆದೆನೆಂದರೆ ಅದರ ಬಾಲ ಮೂಲೆ ತಿರುಗಿ ಆಫೀಸಿನ ಗೋಡೆಗೆ ಹೋಯಿತು. ಮುಖ್ಯ ಶಿಕ್ಷಕಿ ಬೈಯುತ್ತಾರೆಂದುಕೊಂಡರೆ ಚಪ್ಪಾಳೆ ತಟ್ಟಿದರು. ನಾನು ಹಾರಿ ಹಾರಿ ಕೆಲಸ ಮಾಡುತ್ತಿದ್ದೆ. ಕಪ್ಪೆಗೆ ಅತಿ ಚೆಂದದ ಕಡುನೀಲಿ ಕಲಸಿ, ಬಳಿದು, ಏಣಿಯಿಂದ ಇಳಿದು, "ಹೆಂಗೈತಿ ಅಪ್ಪಾ?" ಎಂದೆ.

"ಛಲೋ ಐತಿ. ಆದ್ರ ಕಪ್ಪಿಗೆ ಕರೇ ಬಣ್ಣ ಯಾಕ ಬಳದೀದಿ? ಎಲ್ಲಾ ನೀಲಿ ಅಂದಿದ್ದಿಲ್ಲ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅರ್ಧ ದಿನ ಕಲಸಿದ ಬಣ್ಣ! "ಚಾಷ್ಟಿ ಮಾಡಬ್ಯಾಡ," ಎಂದೆ. ಅವನು, "ನನಗ ಬಣ್ಣ ಹೇಳಿಕೊಡ್ತೀಯೇನು? ಬ್ಯಾಡಗಿ ಬಜಾರದಾಗ ಕೇಳ್ಹೋಗು ನಿಮ್ಮಪ್ಪ ಯಾರಂತ," ಎಂದ. ಬಸ್ ನಿಲ್ಲುವ ಜಾಗದವರೆಗೂ ಇಬ್ಬರೂ ಮಾತು ಬಿಟ್ಟು ನಡೆದೆವು.

ಅಲ್ಲಿ ವಿದ್ಯುತ್ ತಂತಿಯ ಮೇಲೆ ಒಂದು ನೀಲಕಂಠ ಕೂತಿತ್ತು. ನಮ್ಮ ರಾಜ್ಯದ ಹಕ್ಕಿ. ದಸರಾ ಹೊತ್ತಿನಲ್ಲಿ ಅದನ್ನು ಕಂಡರೆ ಒಳ್ಳೆಯದಾಗುತ್ತದೆ ಎನ್ನುತ್ತಾರೆ. ಸಿಟ್ಟು ಮರೆತು, "ಅಪ್ಪಾ, ನೋಡಲ್ಲೆ ನೀಲಕಂಠ!" ಎಂದು ಕೂಗಿದೆ.

"ಮಣ್ಣಿನ ಬಣ್ಣ ಐತಲ್ಲ. ನೀಲಕಂಠ ಅಂತ ಯಾರು ಹೆಸರಿಟ್ರು ಅದಕ?"

ಅದು ಸುಳ್ಳೇನಲ್ಲ. ಕೂತಾಗ ಆ ಹಕ್ಕಿಯ ಎದೆ ಬೆನ್ನು ಮಾಸಲು ಕಂದು. "ತಡಿ, ಹಾರಲಿ," ಎಂದೆ. ಬಸ್ಸಿಗೆ ಕಾಯುತ್ತಿದ್ದ ಊರ ಹುಡುಗಿಯರೂ ನಿಂತು ನೋಡಿದರು. ಹಕ್ಕಿ ಮಿಡತೆಗೆಂದು ಧುಮುಕಿತು. ರೆಕ್ಕೆ ಬಿಚ್ಚಿದ್ದೇ ತಡ ತಿಳಿನೀಲಿಯೂ ಕಡುನೀಲಿಯೂ ಪಟ್ಟಿ ಪಟ್ಟಿಯಾಗಿ ಭಗ್ಗೆಂದವು. ಹುಡುಗಿಯರೆಲ್ಲ ಒಮ್ಮೆಲೇ "ಹೋ!" ಎಂದರು. ನಾನೂ ಕುಣಿದೆ. ಕುಣಿಯುತ್ತಲೇ ತಿರುಗಿ ನೋಡಿದರೆ ಅಪ್ಪ ಹಕ್ಕಿಯನ್ನು ನೋಡುತ್ತಿರಲಿಲ್ಲ. ನಮ್ಮ ಮುಖಗಳನ್ನು ನೋಡುತ್ತಿದ್ದ.

ಬಸ್ಸಿನಲ್ಲಿ ಕೂತಾಗ ನನಗೆ ಅವ್ವನ ಸೀರೆ ನೆನಪಾಯಿತು. ಕಡುನೀಲಿಯ ಇಳಕಲ್ ಸೀರೆ. ಅದನ್ನು ಉಟ್ಟಾಗಲೆಲ್ಲ ಅಪ್ಪ "ಹಬ್ಬದ ದಿನ ಕರೇ ಸೀರಿ ಯಾಕ?" ಎನ್ನುತ್ತಿದ್ದ. ಚೇಷ್ಟೆ ಎಂದುಕೊಂಡು ಮೊದಲು ನಗುತ್ತಿದ್ದ ಅವ್ವ ಕೊನೆಗೆ ಬೇಸತ್ತು ಅದನ್ನು ಟ್ರಂಕಿಗೆ ಹಾಕಿದ್ದಳು. ಅದು ಚೇಷ್ಟೆಯೇ ಆಗಿರಲಿಲ್ಲ.

ಮರುದಿನವೇ ಅಪ್ಪನನ್ನು ರಾಣೆಬೆನ್ನೂರಿನ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಸಮಾಧಾನದಿಂದ ಹೇಳಿದರು, "ಕಣ್ಣೊಳಗಿನ ಗಾಜು ವರ್ಷಾ ವರ್ಷಾ ಹಳದಿ ಆಗಿಬಿಟ್ಟೈತ್ರಿ. ಕೆಂಪು ಅದನ್ನ ದಾಟಿ ಒಳಗ ಬರ್ತೈತಿ, ನೀಲಿ ಬರಾಂಗಿಲ್ಲ. ಹಿಂಗ ಬಿಟ್ರ ಮುಂದ ಕೆಂಪೂ ಹೋಗ್ತೈತಿ. ಗಾಜು ತಗದು ಹೊಸಾದು ಇಡೋಣ."

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಇಟ್ಟ ಮ್ಯಾಲ ಮೆಣಸಿನಕಾಯಿ ನನಗ ಈಗ ಕಂಡಂಗ ಕಾಣ್ತೈತೇನ್ರಿ?"

ಡಾಕ್ಟರು ಪ್ರಾಮಾಣಿಕರು. "ಈಗ ಕಂಡಂಗ ಕಾಣಂಗಿಲ್ರಿ. ಬ್ಯಾರೆ ಕಾಣ್ತೈತಿ."

ಅಪ್ಪ ಎದ್ದು ನಿಂತ. "ನಡಿ ಮನಿಗೆ."

ದಾರಿಯುದ್ದಕ್ಕೂ ಜಗಳವಾಡಿದೆ. ಅವನು ಸಿಟ್ಟಾಗಲೇ ಇಲ್ಲ, ಅದೇ ನನ್ನನ್ನು ಹೆದರಿಸಿತು. "ಇದಽ ಕೆಂಪಿನ ಮ್ಯಾಲ ಜನಾ ನನ್ನ ಮಾತು ನಂಬ್ಯಾರವ್ವಾ. ಇದು ಬದಲಾತಂದ್ರ ನಾ ರಾಶಿ ಮುಂದ ಕುಂತು ಏನ್ ಹೇಳ್ಲಿ? ನೀಲಿ ಕಾಣದಿದ್ರ ನನಗೇನು ಲುಕ್ಸಾನು?" ಎಂದ. ಅವನ ಕೈಯಲ್ಲಿರುವ ವಿದ್ಯೆ ಅದೊಂದೇ, ಅದರ ಬೇರು ಆ ಕಣ್ಣಲ್ಲಿ.

ಕೆಲವು ದಿನ ಆ ಮಾತು ಯಾರೂ ಎತ್ತಲಿಲ್ಲ. ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ಮೆಣಸಿನಕಾಯಿ ಹಿಡಿದುಕೊಂಡವನು ಅದನ್ನು ನೋಡದೆ ನನ್ನನ್ನು ಕರೆದ. "ಆ ಹಕ್ಕಿ ಖರೇನ ನೀಲಿ ಇತ್ತೇನು?"

"ಖರೇ ಅಪ್ಪಾ."

"ಹುಡುಗ್ಯಾರು ಹೋ ಅಂದ್ರಲ್ಲ. ಮಾಲು ನನ್ನ ಎದುರಿಗೇ ಇತ್ತು, ಎಲ್ಲಾರಿಗೂ ಕಾಣ್ತು, ನನಗೊಬ್ಬಾವಗ ಕಾಣ್ಲಿಲ್ಲ. ಅದು ಮನಸಿನಾಗ ಕೊರ್ಯಾಕತ್ತೈತಿ." ಕಾಯಿಯನ್ನು ಹೊಸ್ತಿಲ ಮೇಲಿಟ್ಟು ತನ್ನ ತೀರ್ಮಾನ ಹೇಳಿದ. "ಒಂದು ಕಣ್ಣು ಮಾಡಿಸ್ಕೊಂತೀನಿ. ಅದು ನಿನ್ನ ನೀಲಿಗೆ. ಇನ್ನೊಂದು ಮೆಣಸಿನಕಾಯಿಗೆ ಇರ್ಲಿ, ಅದನ್ನ ಮುಟ್ಟಾಂಗಿಲ್ಲ."

ಒಳಗಿನಿಂದ ಅವ್ವ, "ಆತ್ರಿ, ಒಂದು ಕಿವಿನೂ ನನ್ನ ಮಾತು ಕೇಳಾಕ ಅಂತ ಮಾಡಿಸ್ಕೊಂಡು ಬರ್ರಿ," ಎಂದಳು.

ಆಪರೇಷನ್ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚುವಾಗ ನಾನೂ ಅವ್ವನೂ ಜೊತೆಗಿದ್ದೆವು. ಡಾಕ್ಟರು ಪಟ್ಟಿ ತೆಗೆದು, ಗೋಡೆಯ ಮೇಲಿನ ಅಕ್ಷರ ಓದಿ ಎನ್ನುವಷ್ಟರಲ್ಲಿ ಅಪ್ಪ ಅಂಗಿಯ ಕಿಸೆಗೆ ಕೈಹಾಕಿ ಒಂದು ಮೆಣಸಿನಕಾಯಿ ತೆಗೆದ! ಆಸ್ಪತ್ರೆಗೆ ಅದನ್ನು ಯಾವಾಗ ತಂದಿದ್ದನೋ. "ಅಯ್ಯ, ಖಾರದ ಕೈ ಕಣ್ಣಿಗೆ ಹಚ್ಚೀರಿ!" ಎಂದು ಡಾಕ್ಟರು ಗಾಬರಿಯಾದರು. ಅಪ್ಪ ಕೇಳಿಸಿಕೊಳ್ಳಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಹಳೆಯ ಕಣ್ಣು ಮುಚ್ಚಿ ಹೊಸದರಿಂದ ನೋಡಿದ. ಹೊಸದು ಮುಚ್ಚಿ ಹಳೆಯದರಿಂದ ನೋಡಿದ. ಮತ್ತೆ ಹೊಸದು. ಮುಖ ಬಿಳಿಚಿತು. ಕೆಂಪು ಹೋಗಿದ್ದರೆ ಅದು ನನ್ನ ನೀಲಿಯ ಹುಚ್ಚಿನಿಂದಲೇ ಹೋದದ್ದು.

"ಹೆಂಗ ಕಾಣಾಕತ್ತೈತ್ರಿ?" ಎಂದಳು ಅವ್ವ ಮೆಲ್ಲಗೆ.

"ಹಳೇ ಕಣ್ಣಾಗ ಬೆಲ್ಲದ ನೀರಾಗ ಅದ್ದಿದಂಗ ಕಾಣ್ತೈತಿ. ಈ ಕಣ್ಣಾಗ..." ಅಪ್ಪ ಕಾಯಿಯನ್ನು ಇನ್ನಷ್ಟು ಬೆಳಕಿಗೆ ಎತ್ತಿ ಹಿಡಿದ. "ಇಂಥಾ ಕೆಂಪು ನಾ ಹರೇದಾಗ ಬಜಾರಕ್ಕ ಬಂದಾಗ ನೋಡಿದ್ದೆ. ನಮ್ಮಪ್ಪನ ಸಂಗಾಟ. ಅದಽ ಇದು. ಅದಽ!"

ಕಾಯಿಯನ್ನು ಡಾಕ್ಟರ ಮೇಜಿನ ಮೇಲಿಟ್ಟು ತಲೆಗೆ ಕೈಹಚ್ಚಿ ಕೂತ. "ಕಾಯಿಗೆ ಬಣ್ಣ ಇಲ್ಲಂತ ಊರಿಗೆಲ್ಲಾ ಹೇಳ್ಕೋತ ಬಂದೆ. ಬೀಜಕ್ಕ ಬೈದೆ, ಭೂಮಿಗೆ ಬೈದೆ." ಆಮೇಲೆ ತಲೆ ಎತ್ತಿ, ಅವ್ವನನ್ನು ಮೇಲಿಂದ ಕೆಳಗೆ ನೋಡಿ, "ಈ ಸೀರಿ ಯಾವಾಗ ತಗೊಂಡಿ?" ಎಂದ.

ನಾನೇ ಹಟ ಮಾಡಿ ಟ್ರಂಕಿನಿಂದ ತೆಗೆಸಿ ಉಡಿಸಿದ್ದ ಇಳಕಲ್ ಸೀರೆ ಅದು. "ಇದು ನಿಮ್ಮ ಕರೇ ಸೀರಿ," ಎಂದಳು ಅವ್ವ. ನಕ್ಕಳು, ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಡಾಕ್ಟ್ರ, ಇನ್ನೊಂದು ಕಣ್ಣು ಯಾವಾಗ ಮಾಡ್ತೀರಿ? ಲಗೂ ಮಾಡಿ ಮುಗಿಸ್ರಿ," ಎಂದ ಅಪ್ಪ.

ಎರಡನೇ ಕಣ್ಣೂ ಆಯಿತು. ಖಾರದ ಧೂಳು ಬೀಳಬಾರದೆಂದು ಡಾಕ್ಟರು ಮಾರುಕಟ್ಟೆಗೆ ಕಾಲಿಡಬೇಡಿ ಎಂದಿದ್ದರು. ಹಾಗಾಗಿ ಕಪ್ಪು ಕನ್ನಡಕ ಹಾಕಿಕೊಂಡ ಅಪ್ಪ ಮನೆಯಲ್ಲಿ ಕೂತು ನಮ್ಮ ಜೀವ ತಿಂದ. ಬಕೆಟ್ಟು ನೀಲಿ, ಗ್ಯಾಸ್ ಒಲೆಯ ಉರಿ ನೀಲಿ, ಪಕ್ಕದ ಮನೆಯ ಗೇಟು ನೀಲಿ, ಎಲ್ಲಕ್ಕೂ ನಮ್ಮನ್ನು ಕರೆದು ಕರೆದು ತೋರಿಸಿದ. ತಂತಿಯ ಮೇಲೆ ನೀಲಕಂಠ ಕಂಡ ದಿನವಂತೂ ಅದು ಹಾರುವವರೆಗೆ ಬಿಸಿಲಲ್ಲಿ ನಿಂತು, ಹಾರಿದ ಮೇಲೆ ಒಬ್ಬನೇ "ಹೋ!" ಎಂದು ಕೂಗಿದನಂತೆ. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು ಎಂದು ತಾನೇ ಹೆಮ್ಮೆಯಿಂದ ಹೇಳಿದ.

ಸುಗ್ಗಿ ಶುರುವಾಗಿ, ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಮಾರುಕಟ್ಟೆಗೆ ಹೋಗುವ ಮುನ್ನಾದಿನ ಅಪ್ಪ ನನ್ನ ಗೋಡೆ ನೋಡಲು ಬಂದ. ಆಪರೇಷನ್ನಿನ ಗಡಿಬಿಡಿಯಲ್ಲಿ ನಿಂತುಹೋಗಿದ್ದ ಕೆಲಸ ಮುಗಿಸಲು ನಾನು ಕಪ್ಪೆಗೆ ಎರಡನೇ ಸಲ ಬಣ್ಣ ಬಳಿಯುತ್ತಿದ್ದೆ. ತಿಮಿಂಗಿಲದ ತಲೆಯಿಂದ ಆಫೀಸಿನ ಗೋಡೆಯ ಬಾಲದವರೆಗೆ ನಡೆದು, ತಿರುಗಿ ಬಂದು, ಕಪ್ಪೆಯ ಮುಂದೆ ಕೂತ. ರಾಶಿಯ ಮುಂದೆ ಕೂರುವ ಹಾಗೇ ಕುಕ್ಕರಗಾಲಲ್ಲಿ. ಹಸಿ ಬಣ್ಣದ ಮೇಲೆ ಹೆಬ್ಬೆರಳು ತಿಕ್ಕಿದ. ನಾನು ಕೂಗಿಕೊಂಡೆ, ಕಪ್ಪೆಯ ಬೆನ್ನು ಕೆಟ್ಟಿತ್ತು.

"ಕೈಗೆ ಹತ್ತಿತು ನೋಡು," ಎಂದು ಬೆರಳು ತೋರಿಸಿದ.

ಸೀಮೆಎಣ್ಣೆ ಕೊಟ್ಟೆ, ಸರಿಯಾಗಿ ಒರೆಸಿಕೊಳ್ಳಲಿಲ್ಲ. ಮರುದಿನ ಮಾರುಕಟ್ಟೆಗೆ ನಾನೂ ಹೋದೆ, ಅವನ ಕಣ್ಣಿಗೆ ಧೂಳು ಬೀಳದಂತೆ ಕಾಯುವ ನೆಪದಲ್ಲಿ. ನಿಜ ಹೇಳಬೇಕೆಂದರೆ ಅವನಿಗಿಂತ ನನಗೇ ಹೆದರಿಕೆ. ಗುತ್ತಲದ ಕಡೆಯ ಒಬ್ಬ ವಯಸ್ಸಾದ ರೈತರ ರಾಶಿಯ ಮುಂದೆ ಅಪ್ಪ ಕೂತ. ಒಂದು ಕಾಯಿ ಎತ್ತಿ ಬೆಳಕಿಗೆ ಹಿಡಿದು, ಮುರಿದು, ಅದೇ ನೀಲಿ ಹತ್ತಿದ್ದ ಹೆಬ್ಬೆರಳಿಗೆ ತಿಕ್ಕಿ ಬಹಳ ಹೊತ್ತು ನೋಡಿದ. ಪ್ರತಿ ವರ್ಷದ ಮಾತಿಗೆ ತಯಾರಾಗಿದ್ದ ಆ ಹಿರಿಯರು ತಾವೇ ಮೊದಲು, "ಈ ಸಲಾನೂ ಬಣ್ಣ ಅಷ್ಟಕ್ಕಷ್ಟ ಅಂತೀರಿ, ಹೌದಿಲ್ರಿ?" ಎಂದರು.

ಅಪ್ಪ ಎದ್ದು ನಿಂತು ಅವರಿಗೆ ಕೈಮುಗಿದ.

"ಮೊದಲಿನ ಬಣ್ಣನ ಐತ್ರಿ ಯಜಮಾನ್ರ. ಎಂದೂ ಹೋಗಿದ್ದಿಲ್ಲ."