ಅಪ್ಪನ ಒತ್ತು, ನನ್ನ ಪೆಟ್ಟಿಗೆ

ಕೊಳ್ಳೇಗಾಲದಲ್ಲಿ ನನ್ನದು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಮನೆಯವರದು ವಾಲಗದ ಕಸುಬು. ಚಿಕ್ಕಪ್ಪ ನಾದಸ್ವರ ನುಡಿಸಿದರೆ ಅಪ್ಪ ಪಕ್ಕದಲ್ಲಿ ಕೂತು ಶ್ರುತಿಗೆ ಒತ್ತು ಎಂಬ ಕೊಳವೆ ವಾದ್ಯ ಊದುತ್ತಿದ್ದರು. ಒತ್ತಿಗೆ ಒಂದೇ ಸ್ವರ. ಆದರೆ ತಾಳಿ ಕಟ್ಟುವಾಗ ಅದು ಕಡಿಯಬಾರದು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕಡಿದಿಲ್ಲ ಎನ್ನುವುದೊಂದೇ ಅಪ್ಪನಿಗಿದ್ದ ಜಂಬ.

ತೊಂಬತ್ತರ ದಶಕದ ಕೊನೆಗೆ ಅವರಿಗೆ ದಮ್ಮು ಶುರುವಾಯಿತು. ನಡುನಡುವೆ ಸುಧಾರಿಸಿಕೊಳ್ಳಲಿ ಎಂದು ನಾನೊಂದು ಪೆಟ್ಟಿಗೆ ಮಾಡಲು ಹೊರಟೆ. ಅರ್ಧ ಕನಿಕರ, ಇನ್ನರ್ಧ ಕೈಚಳಕ ತೋರಿಸುವ ಚಪಲ, ಸುಳ್ಳೇಕೆ ಹೇಳಲಿ. ನಾದಸ್ವರ ಹಿಡಿದವರಿಗೆ ಎರಡು ಕೈಯೂ ಖಾಲಿ ಇರುವುದಿಲ್ಲ. ಹಾಗಾಗಿ ಕಾಲಲ್ಲಿ ಮೆಟ್ಟುವ ಎರಡು ಸ್ವಿಚ್ ಇಟ್ಟೆ. ಒಂದು ಮೆಟ್ಟಿದರೆ ನಾದಸ್ವರಕ್ಕೆ ಎಕೋ, ಇನ್ನೊಂದು ಮೆಟ್ಟಿದರೆ ಡಿಜಿಟಲ್ ಚಿಪ್ಪಿನಲ್ಲಿ ತುಂಬಿಟ್ಟ ಅಪ್ಪನ ಒತ್ತು. ಚಿಪ್ಪು ಹಿಡಿಯುತ್ತಿದ್ದದ್ದು ಇಪ್ಪತ್ತೇ ಸೆಕೆಂಡು. ಕೊನೆ ಮುಟ್ಟಿ ಮತ್ತೆ ಮೊದಲಿಗೆ ಬರುವಾಗ ಟಕ್ಕೆನ್ನುತ್ತಿತ್ತು. ಆ ಸದ್ದು ಹೋಗುವವರೆಗೂ ಅಪ್ಪ ಅಂಗಡಿಯಲ್ಲಿ ಕೂತು, ಕೆಮ್ಮು ತಡೆದುಕೊಂಡು, ಹೇಳಿದಷ್ಟು ಸಲ ಊದಿದರು. ಇನ್ನೊಂದು ಸಲ, ಇನ್ನೊಂದು ಸಲ ಎಂದು ಅವರ ಜೀವ ತಿಂದೆ.

ಪೆಟ್ಟಿಗೆ ಕೈಗೆ ಬಂದದ್ದೇ ತಡ, ಚಿಕ್ಕಪ್ಪ ಅಪ್ಪನನ್ನು ಕರೆಯುವುದನ್ನೇ ಬಿಟ್ಟರು. ಅಣ್ಣ ಆರಾಮಾಗಿರಲಿ ಎನ್ನುವುದು ಅವರ ಸಬೂಬು. ಅದನ್ನು ನಂಬಿದಂತೆ ನಟಿಸಿದವನು ನಾನು.

ಯಳಂದೂರಿನಲ್ಲಿ ನೆಂಟರ ಮದುವೆ ಬಂತು. ನಾನೂ ಅಪ್ಪನೂ ಊಟಕ್ಕೆ ಬಂದವರ ಜೊತೆ ಕೂತಿದ್ದೆವು. ವಾಲಗದ ಚಾಪೆಯ ಮೇಲೆ ಅಪ್ಪನ ಜಾಗದಲ್ಲಿ ಪೆಟ್ಟಿಗೆ ಇತ್ತು. ಚಿಕ್ಕಪ್ಪ ಅದರ ಕಡೆಗೆ ಒಂದು ಕಾಲು ಚಾಚಿಕೊಂಡಿದ್ದರು. ಶುರುವಿಗೆ ಮುಂಚೆ ಒಂದೊಂದು ವಾದ್ಯದ ಮುಂದೂ ವೀಳ್ಯ ಇಡುವುದು ನಮ್ಮ ಕಡೆಯ ಪದ್ಧತಿ. ಹೆಣ್ಣಿನ ತಂದೆ ನಾದಸ್ವರಕ್ಕೆ ಇಟ್ಟರು, ಡೋಲಿಗೆ ಇಟ್ಟರು, ಪೆಟ್ಟಿಗೆಗೂ ಇಟ್ಟು ಕೈಮುಗಿದರು. ತಾಳಿ ಕಟ್ಟುವಾಗ ಒತ್ತು ಎಲ್ಲೂ ಕಡಿಯಲಿಲ್ಲ. ಈ ಪೆಟ್ಟಿಗೆ ಮಾಡಿದವರು ಯಾರು ಎಂದು ಯಾರೋ ಕೇಳಿದರು. ಚಿಕ್ಕಪ್ಪ ನನ್ನ ಕಡೆ ಕೈ ತೋರಿಸಿದರು. ನಾನು ಹಲ್ಲು ಕಿರಿದೆ.

ಆಮೇಲೆ ಚಿಕ್ಕಪ್ಪ ಪೆಟ್ಟಿಗೆಯ ಮುಂದಿನ ವೀಳ್ಯ ಎತ್ತಿಕೊಂಡು ಬಂದು, "ತಕೋ ಅಣ್ಣ, ಇದು ನಿಂದೇ" ಎಂದರು.

ಅಪ್ಪ ಕೈ ಚಾಚಲಿಲ್ಲ. ನನ್ನ ಕಡೆ ತಿರುಗಿದರು.

"ಅದ್ರೊಳ್ಗ ಊದ್ತಾ ಇರೋನು ನಾನೇ ಕಣ್ಲಾ. ಚಾಪ ಮ್ಯಾಲ ನಂಗೆ ಜಾಗ ಇಲ್ವಲ್ಲ."