ಕುದುರೆ ಅಕ್ಕನ ಓಟ

ಹೋದ ತಿಂಗಳು ಹಿತ್ತಲಿನ ಗೋಡೆಗೆ ಸುಣ್ಣ ಹೊಡೆಸಿದೆ. ಕೆಲಸದವನು ಸುಣ್ಣದ ಕಲ್ಲುಗಳನ್ನು ಡ್ರಮ್ಮಿಗೆ ಸುರಿದು ಎರಡು ಕೊಡ ನೀರು ಹೊಯ್ದ. ಕಲ್ಲು ಕೊತಕೊತ ಕುದಿಯತೊಡಗಿ, ಬಿಸಿ ಹಬೆಯ ಜೊತೆಗೆ ಆ ಘಾಟು ಎದ್ದಿತು. ಜಗಲಿಯಲ್ಲಿ ಪೇಪರು ಓದುತ್ತಿದ್ದವನು ಎದ್ದು ಒಳಗೆ ಹೋದೆ. "ಯಾಕ್ರೀ, ವಾಸನೆ ತಡೆಯಕ್ಕಾಗಲ್ವಾ?" ಎಂದಳು ಹೆಂಡತಿ. ಹೂಂ ಅಂದೆ. ಆ ವಾಸನೆಯೊಳಗೆ ನನಗೆ ಒಂದು ಬಿಳಿ ಕುದುರೆ ಇದೆ, ಮೊಳಕಾಲ್ಮುರಿನ ಒಂದು ಓಣಿ ಇದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಓಣಿಯಲ್ಲಿ ಓಡುತ್ತಿದ್ದ ಒಬ್ಬ ಹೆಂಗಸು... ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಾನು ಆ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ಪರೀಕ್ಷಕನಾಗಿದ್ದೆ. ಡಾಕ್ಟರ ಕೈಕೆಳಗೆ ಸೂಜಿ ಹಾಕುವುದು, ರಕ್ತ ತೆಗೆಯುವುದು, ರಿಜಿಸ್ಟರು ಬರೆಯುವುದು ನನ್ನ ಕೆಲಸ. ಆದರೂ ಜನ ನನ್ನನ್ನು ಡಾಕ್ಟ್ರೇ ಅಂತಲೇ ಕರೆಯುತ್ತಿದ್ದರು. ನಾನೂ ಬೇಡ ಅನ್ನುತ್ತಿರಲಿಲ್ಲ. ನಮ್ಮೂರು ದೊಡ್ಡಉಳ್ಳಾರ್ತಿ. ಅಲ್ಲಿನ ಹುಲ್ಲುಗಾವಲಿನ ಅಮೃತಮಹಲ್ ದನಗಳನ್ನು ನೋಡುತ್ತ ಬೆಳೆದವನಿಗೆ ಹೋರಿಯ ಒಳ್ಳೆಯದು ಕೆಟ್ಟದ್ದು ದೂರದಿಂದಲೇ ಗೊತ್ತಾಗುತ್ತಿತ್ತು. ಕುದುರೆ ಮಾತ್ರ ಗೊತ್ತಿರಲಿಲ್ಲ.

ನಾನು ಬಾಡಿಗೆಗಿದ್ದ ಓಣಿ ನೇಕಾರರದು. ಬೆಳಗಾದರೆ ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು. ನನ್ನ ಎದುರು ಮನೆಯಲ್ಲಿ ಎಲ್ಲರೂ ಅಕ್ಕ ಅನ್ನುತ್ತಿದ್ದ ಹೆಂಗಸೊಬ್ಬರು ಇದ್ದರು. ಮಕ್ಕಳಿಲ್ಲ. ಪಕ್ಕದ ಮನೆಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದರು. ಅವರ ಯಜಮಾನರು ಮದುವೆ ಮೆರವಣಿಗೆಗೆ ಕುದುರೆ ಒಯ್ಯುತ್ತಿದ್ದವರು. ನಾನು ಬರುವ ಹಿಂದಿನ ವರ್ಷ ಎದೆನೋವಿನಿಂದ ತೀರಿಕೊಂಡಿದ್ದರು. ಮನೆಯ ಪಕ್ಕದ ತಗಡಿನ ಲಾಯದಲ್ಲಿ ಮಲ್ಲಿ ಅನ್ನುವ ಆ ಬಿಳಿ ಕುದುರೆ ಉಳಿದಿತ್ತು. ಓಣಿಯ ತೆಲುಗಿನವರು ಗುರ್ರಂ ಅಕ್ಕ ಅನ್ನುತ್ತಿದ್ದರು, ನಾವು ಕುದುರೆ ಅಕ್ಕ.

ಮದುವೆಯವರು ಮಲ್ಲಿಯನ್ನು ಕೇಳಿಕೊಂಡು ಬರುವುದು ನಿಂತಿತ್ತು. ಗಂಡ ಸತ್ತವಳು ಹಗ್ಗ ಹಿಡಿದ ಕುದುರೆಯ ಮೇಲೆ ಮದುಮಗನನ್ನು ಕೂರಿಸುವವರು ಯಾರು? ಬೇರೆ ಗಂಡಸು ಹಿಡಿಯಲು ಹೋದರೆ ಮಲ್ಲಿ ಕಚ್ಚುತ್ತಿತ್ತು. ಕೊಳ್ಳುವವರು ಎರಡು ಸಲ ಬಂದು ಹೋದರು. ಅಕ್ಕ ಕೊಡಲಿಲ್ಲ. "ಇದನ್ನ ಕಳಿಸಿದ್ರೆ ಆ ಮನೇಲಿ ಉಸಿರಾಡೋಳು ನಾನೊಬ್ಳೇ ಆಗ್ತೀನಿ" ಎಂದು ನನ್ನ ಹತ್ತಿರ ಹೇಳಿದ್ದರು.

ಆ ವರ್ಷ ಚಳ್ಳಕೆರೆಯಲ್ಲಿ ಜಾನುವಾರು ಪ್ರದರ್ಶನ ನಡೆಯುವುದಿತ್ತು. ಹೋರಿ, ಎಮ್ಮೆ, ಕುರಿಗಳ ಜೊತೆ ಕುದುರೆಗಳಿಗೂ ಒಂದು ಸ್ಪರ್ಧೆ. ನಮ್ಮ ತಾಲ್ಲೂಕಿನಿಂದ ಒಂದು ಕುದುರೆಯಾದರೂ ಬರಬೇಕೆಂದು ಮೇಲಿನವರು ಹೇಳಿದ್ದರು. ಹಾಗಾಗಿ ನಾನು ಅಕ್ಕನ ಮನೆಗೆ ಹೋದದ್ದು ಪೂರ್ತಿ ಅವರ ಮೇಲಿನ ಕನಿಕರದಿಂದೇನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

"ಮಲ್ಲಿನ ಚಳ್ಳಕೆರೆಗೆ ಕರ್ಕೊಂಡು ಬರ್ರಿ ಅಕ್ಕ. ಬಹುಮಾನ ಬಂದ್ರೆ ಪೇಪರ್‌ನಾಗೆ ಫೋಟೋ ಬರ್ತೈತೆ. ಜಯಂತಿ ಮೆರವಣಿಗೆಗಳಿಗೆ ಅವರೇ ಹುಡುಕ್ಕೊಂಡು ಬರ್ತಾರೆ."

"ಅಲ್ಲಿ ಹಿಡಿಯೋರು ಯಾರು?"

"ನೀವೇ."

ಅಕ್ಕ ಕಂಡಿಕೆ ಸುತ್ತುವುದನ್ನು ನಿಲ್ಲಿಸಿದರು. "ಮುಂಡೆ ಹಿಡಿದ ಕುದುರೆಗೆ ಬಹುಮಾನ ಕೊಡ್ತಾರೇನ್ರಿ?"

"ಅಲ್ಲಿ ಕುದುರೆ ನೋಡ್ತಾರೆ. ಹಿಡಿದೋರ ಹಣೆ ನೋಡಲ್ಲ" ಎಂದೆ.

ಆ ಮಾತಿಗೆ ಅವರು ಒಪ್ಪಿಕೊಂಡರು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಕಲಿಸುವವನಿಗೂ ಹೊಸದು, ಕಲಿಯುವವರಿಗೂ ಹೊಸದು. ಹಿಂದೆ ಒಂದು ಪ್ರದರ್ಶನದಲ್ಲಿ ತೀರ್ಪುಗಾರರ ಹಿಂದೆ ರಿಜಿಸ್ಟರು ಹಿಡಿದು ಓಡಾಡಿದ್ದೆ. ಆಗ ಕಿವಿಗೆ ಬಿದ್ದದ್ದೇ ನನ್ನ ವಿದ್ಯೆ. ಕುದುರೆಯನ್ನು ಎಳೆಯಬಾರದು, ಅದರ ಎಡ ಭುಜದ ಪಕ್ಕದಲ್ಲಿ ನಡೆಯಬೇಕು. ಹಿಂತಿರುಗಿ ಅದರ ಮುಖ ನೋಡಬಾರದು. ತಿರುಗುವಾಗ ನಮ್ಮ ಕಡೆಗಲ್ಲ, ಆಚೆ ಕಡೆಗೆ ತಿರುಗಿಸಬೇಕು. ತೀರ್ಪುಗಾರರು ಬಂದಾಗ ನಾಲ್ಕು ಕಾಲೂ ಮೇಜಿನ ಕಾಲಿನಂತೆ ನೇರ ಊರಿ, ತಲೆಯೆತ್ತಿ ಅಲ್ಲಾಡದೆ ನಿಲ್ಲಬೇಕು. ಆಮೇಲೆ ಓಡಿಸಿ ತೋರಿಸಬೇಕು.

ಮಲ್ಲಿಗೆ ನಿಲ್ಲುವುದೇ ಗೊತ್ತಿರಲಿಲ್ಲ. ಅದು ಬ್ಯಾಂಡಿಗೆ ಕುಣಿದು ಕಲಿತ ಕುದುರೆ. ಮಗ್ಗಗಳು ಒಂದೇ ಲಯಕ್ಕೆ ಬಡಿಯತೊಡಗಿದರೂ ಸಾಕು, ಮುಂಗಾಲು ಎತ್ತೆತ್ತಿ ಇಡುತ್ತಿತ್ತು. ಓಣಿಯಲ್ಲಿ ಇದು ಆಗದ ಮಾತೆಂದು ನಸುಕಿನಲ್ಲೇ ಸಿದ್ದಾಪುರದ ಕಡೆಯ ರಸ್ತೆ ಹಿಡಿದು, ಮಗ್ಗದ ಸದ್ದು ಕೇಳಿಸದಷ್ಟು ದೂರ, ಬಂಡೆಗಳ ನಡುವಿನ ಒಂದು ಬಯಲಿಗೆ ಹೋಗುತ್ತಿದ್ದೆವು. ಅಲ್ಲಿ ಅಕ್ಕ ಹಗ್ಗ ಹಿಡಿದು ಒಂದು ಹೆಜ್ಜೆ ಮುಂದೆ ತರುವುದು, ಅರ್ಧ ಹೆಜ್ಜೆ ಹಿಂದೆ ಒತ್ತುವುದು, "ನಿಲ್ಲೇ ತಾಯಿ, ನಿಲ್ಲು" ಅನ್ನುವುದು. ಕುರಿ ಹೊಡೆದುಕೊಂಡು ಹೋಗುವವರು ನಿಂತು ನಗುತ್ತಿದ್ದರು. ಎರಡು ವಾರದ ಮೇಲೆ ಒಂದು ಬೆಳಗ್ಗೆ ಮಲ್ಲಿ ನಾಲ್ಕು ಕಾಲೂರಿ ಸುಮ್ಮನೆ ನಿಂತುಬಿಟ್ಟಿತು. ಅಕ್ಕ ಉಸಿರು ಬಿಗಿಹಿಡಿದು ನನ್ನ ಕಡೆ ತಿರುಗಿ ಕಣ್ಣಲ್ಲೇ ಕೇಳಿದರು. ನಾನು ತಲೆಯಾಡಿಸಿದೆ. ಅವರು ನೆಲಕ್ಕೆ ಕೂತು ಗೊಳೋ ಎಂದು ಅತ್ತರು. ಗಂಡ ಸತ್ತಾಗ ಅಕ್ಕ ಅಳಲೇ ಇಲ್ಲ ಅಂತ ಓಣಿಯವರು ಹೇಳುತ್ತಿದ್ದರು...

ಓಟ ಅದಕ್ಕಿಂತ ಕಷ್ಟವಾಯಿತು. ಐವತ್ತರ ಹತ್ತಿರದ ಹೆಂಗಸು, ಹುಟ್ಟಿದಾಗಿನಿಂದ ಕೂತು ಕೆಲಸ ಮಾಡಿದವರು. ಸೀರೆ ಕಾಲಿಗೆ ತೊಡರುತ್ತಿತ್ತು. ಎರಡು ಸಲ ಬಿದ್ದು ಮೊಣಕಾಲು ತರಚಿಕೊಂಡರು. ಮೂರನೇ ದಿನ ಕಚ್ಚೆ ಹಾಕಿಕೊಂಡು ಬಂದು, "ನೋಡಬ್ಯಾಡ್ರಿ ಡಾಕ್ಟ್ರೇ, ನಗು ಬರ್ತೈತೆ" ಎಂದು ತಾವೇ ನಕ್ಕರು.

ಪ್ರದರ್ಶನಕ್ಕೆ ಒಂದು ತಿಂಗಳಿರುವಾಗ ಆದೇಶ ಬಂತು. ಬೇರೆ ರಾಜ್ಯಗಳಲ್ಲಿ ಕುದುರೆಗಳಿಗೆ ಗ್ಲಾಂಡರ್ಸ್ ಎಂಬ ರೋಗ ಬಂದಿದೆ, ಮನುಷ್ಯರಿಗೂ ಅಂಟುತ್ತದೆ, ಬರುವ ಎಲ್ಲ ಕುದುರೆಗಳ ರಕ್ತ ಪರೀಕ್ಷೆಯಾಗಿರಬೇಕು ಅಂತ. ಮಲ್ಲಿಯ ರಕ್ತ ನಾನೇ ತೆಗೆದೆ. ಒಂದು ಹೊಳ್ಳೆಯಿಂದ ಸ್ವಲ್ಪ ಸಿಂಬಳ ಇಳಿಯುತ್ತಿತ್ತು. "ಬಯಲಿನ ಧೂಳು" ಎಂದರು ಅಕ್ಕ. ನಾನೂ ಧೂಳು ಅಂದುಕೊಂಡೆ.

ಹತ್ತು ದಿನಕ್ಕೆ ಪತ್ರ ಬಂತು. ರೋಗವಿರುವ ಹಾಗೆ ಕಾಣುತ್ತದೆ, ಖಚಿತ ಮಾಡಿಕೊಳ್ಳಲು ಇನ್ನೊಮ್ಮೆ ರಕ್ತ ಕಳಿಸಿ, ಅಲ್ಲಿಯವರೆಗೆ ಕುದುರೆಯನ್ನು ಹೊರಗೆ ಬಿಡಬೇಡಿ. ಡಾಕ್ಟರು ಪತ್ರವನ್ನು ನನ್ನ ಕೈಗೆ ಕೊಟ್ಟು, "ನಿಂಗೆ ಗುರುತಿರೋರು, ನೀನೇ ಹೋಗಿ ಹೇಳಪ್ಪ" ಎಂದರು. ಎರಡನೇ ಸಲವೂ ಹಾಗೇ ಬಂದರೆ ಏನು ಮಾಡುತ್ತಾರೆ ಅಂತ ಕೇಳಿದೆ. ಈ ರೋಗಕ್ಕೆ ಔಷಧಿ ಕೊಡುವ ಹಾಗಿಲ್ಲ, ಕೊಲ್ಲಲೇಬೇಕು, ಅದೇ ಕಾನೂನು ಎಂದರು.

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಹೋದೆ. ಬಾಗಿಲಲ್ಲಿ ಅಕ್ಕ ಹೊಸ ಹಗ್ಗ ಹೊಸೆಯುತ್ತ ಕೂತಿದ್ದರು, ಪ್ರದರ್ಶನಕ್ಕೆ ಅಂತ ಕೆಂಪು ನೂಲು ಸೇರಿಸಿ. ನನ್ನ ಬಾಯಿಂದ ಬೇರೆಯೇ ಬಂತು.

"ಮೊದ್ಲು ತೆಗೆದ ರಕ್ತ ಕೆಟ್ಟೋಗಿತ್ತಂತೆ ಅಕ್ಕ. ಇನ್ನೊಂದ್ಸಲ ತಗೋಬೇಕು. ಮಲ್ಲಿಗೆ ನೆಗಡಿ ಬೇರೆ ಐತೆ. ಹೊರಗೆ ಬಿಡಬೇಡ್ರಿ. ಲಾಯಕ್ಕೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಕೊಳ್ರಿ, ಕೈ ಸೋಪಲ್ಲಿ ತೊಳ್ಕೊಳ್ರಿ."

"ಹಂಗಾದ್ರೆ ಓಟ?"

"ಅದಕ್ಕೆ ಸ್ವಲ್ಪ ರೆಸ್ಟ್ ಕೊಡೋಣ."

"ಅದು ಕಲ್ತಿದ್ದು ಮರೆಯಲ್ಲ ಬಿಡ್ರಿ" ಎಂದರು. "ಮರೆಯೋಳು ನಾನು."

ಅವತ್ತೇ ಇನ್ನೊಮ್ಮೆ ರಕ್ತ ತೆಗೆದು ಕಳಿಸಿದೆ. ಮಾರನೇ ದಿನ ಬೆಳಗ್ಗೆ ಹಲ್ಲುಜ್ಜುತ್ತ ನನ್ನ ಮಹಡಿಯ ಕಿಟಕಿಯ ಹತ್ತಿರ ನಿಂತಿದ್ದೆ. ಅಕ್ಕ ಓಣಿಯಲ್ಲಿ ಒಬ್ಬರೇ ಓಡುತ್ತಿದ್ದರು. ಕಚ್ಚೆ ಹಾಕಿದ್ದರು, ಬಲಗೈಯಲ್ಲಿ ಕೆಂಪು ನೂಲಿನ ಹಗ್ಗ. ಕೈಯನ್ನು ಕುದುರೆಯ ದವಡೆಯ ಎತ್ತರಕ್ಕೆ ಹಿಡಿದಿದ್ದರು. ಓಣಿಯ ತುದಿ ಮುಟ್ಟಿ, ಪಕ್ಕದಲ್ಲಿ ಮಲ್ಲಿ ಇದ್ದ ಹಾಗೆಯೇ ಅದಕ್ಕೆ ಜಾಗ ಬಿಟ್ಟು ಅಗಲವಾಗಿ ತಿರುಗಿ, ಹಿಂದಕ್ಕೆ ಓಡಿ ಬಂದರು. ನಿಂತರು. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಗಾಳಿಗೆ "ನಿಲ್ಲು ತಾಯಿ" ಎಂದರು.

ದಿನಾ ಹೀಗೆ. ಓಣಿಯ ಹೆಂಗಸರು ಕಂಡಿಕೆ ಬಿಟ್ಟು ಬಾಗಿಲಿಗೆ ಬಂದು ನೋಡುತ್ತಿದ್ದರು. "ಅಕ್ಕಂಗೆ ಪಿಚ್ಚಿ" ಎಂದು ತೆಲುಗಿನಲ್ಲಿ ಯಾರೋ ಅಂದರು, ಹುಚ್ಚು ಅಂತ. ಅಕ್ಕ ಕೇಳಿಸಿಕೊಳ್ಳಲಿಲ್ಲ. ಒಂದು ದಿನ ನನ್ನ ಕಿಟಕಿಯ ಕೆಳಗೆ ನಿಂತು ಏದುಸಿರು ಬಿಡುತ್ತ ಕೇಳಿದರು:

"ಡಾಕ್ಟ್ರೇ, ಕೈ ಸರಿ ಐತಾ ನೋಡ್ರಿ."

ಆಗ ಹೇಳಬಹುದಿತ್ತು. ಕೆಳಗಿಳಿದು, ಅವರನ್ನು ಒಳಗೆ ಕರೆದು ಹೇಳಬಹುದಿತ್ತು. ಎರಡನೇ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೆ ಸುಮ್ಮನೆ ಯಾಕೆ ಹೆದರಿಸಬೇಕು ಅಂತ ನನಗೆ ನಾನೇ ಹೇಳಿಕೊಂಡೆ. "ಇನ್ನೊಂಚೂರು ಮೇಲೆ ಅಕ್ಕ" ಎಂದೆ. ಅವರು ಕೈಯನ್ನು ಇನ್ನೊಂಚೂರು ಮೇಲೆ ಎತ್ತಿದರು.

ಎರಡನೇ ಪತ್ರವೂ ಅದನ್ನೇ ಹೇಳಿತು.

ಕೊಲ್ಲಲು ಗೊತ್ತುಮಾಡಿದ ದಿನದ ಬೆಳಗ್ಗೆ ಹೋಗಿ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅಕ್ಕ ಹುರುಳಿ ನೆನೆಹಾಕಿದ್ದ ಪಾತ್ರೆಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಜೀಪು ಬಂತು. ಊರ ಹೊರಗೆ ಜೆಸಿಬಿ ಆಗಲೇ ಆಳದ ಗುಂಡಿ ತೋಡಿತ್ತು. ಸುಣ್ಣದ ಮೂಟೆಗಳನ್ನು ಇಳಿಸಿದ್ದರು. ಮಲ್ಲಿ ಬೇರೆಯವರ ಕೈಗೆ ಬರಲಿಲ್ಲ. ಕೊನೆಗೆ ಅಕ್ಕನಿಗೇ ಕೈಗವಸು, ಮುಖಗವಸು ಕೊಟ್ಟು ಹಿಡಿಯಲು ಹೇಳಿದರು.

ಗುಂಡಿಯ ಪಕ್ಕ ಅಕ್ಕ ಮಲ್ಲಿಯನ್ನು ಒಂದು ಹೆಜ್ಜೆ ಮುಂದೆ ತಂದರು. ಅರ್ಧ ಹೆಜ್ಜೆ ಹಿಂದೆ ಒತ್ತಿದರು. ಮಲ್ಲಿ ನಾಲ್ಕು ಕಾಲೂರಿ ತಲೆಯೆತ್ತಿ ನಿಂತಿತು. ಅಷ್ಟು ಚೆನ್ನಾಗಿ ಅದು ಯಾವತ್ತೂ ನಿಂತಿರಲಿಲ್ಲ. ಜಿಲ್ಲೆಯಿಂದ ಬಂದಿದ್ದ ದೊಡ್ಡ ಡಾಕ್ಟರು ಸಿರಿಂಜು ಹಿಡಿದುಕೊಂಡೇ ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ಕುತ್ತಿಗೆಗೆ ಚುಚ್ಚಿದರು. ಮೊದಲು ಮುಂಗಾಲು ಮಡಿಚಿತು...

ಜೂಲಿಗೆ ಕಟ್ಟುತ್ತಿದ್ದ ಜರಿ, ಮದುವೆಯ ಜೀನು, ಲಾಯದ ಹುಲ್ಲು, ಹೊಸ ಹಗ್ಗ, ಎಲ್ಲವನ್ನೂ ಸುಟ್ಟರು. ಗುಂಡಿಗೆ ಸುಣ್ಣ ಸುರಿದು ನೀರು ಬಿಟ್ಟರು. ಅಕ್ಕನ ರಕ್ತವನ್ನೂ ಪರೀಕ್ಷೆಗೆ ಒಯ್ದರು. ಅವರಿಗೆ ಏನೂ ಅಂಟಿರಲಿಲ್ಲ.

ಮೂರು ದಿನ ಬಿಟ್ಟು ಅಕ್ಕ ನನ್ನ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ಎರಡನೇ ಸಲ ರಕ್ತ ತಗೊಂಡಾಗ್ಲೇ ನಿಮ್ಗೆ ಗೊತ್ತಿತ್ತಾ?"

"ಹೂಂ ಅಕ್ಕ."

ಅವರು ಬೈಯುತ್ತಾರೆಂದು ಕಾದೆ. ರೋಗ ತಂದವನು ನಾನಲ್ಲ, ಕಾನೂನು ಮಾಡಿದವನು ನಾನಲ್ಲ ಎಂದು ಉತ್ತರ ಇಟ್ಟುಕೊಂಡಿದ್ದೆ. ಅದು ಬೇಕಾಗಲಿಲ್ಲ.

"ಕೊಂದಿದ್ದಕ್ಕೆ ಏನೂ ಅನ್ನಲ್ಲಪ್ಪ. ರೋಗ ಬಂತು, ಹೋತು. ಆದ್ರೆ ಅಷ್ಟು ದಿನ ನಾನೊಬ್ಳೇ ಓಡಿದ್ನಲ್ಲ... ನೋಡ್ಕೊಂತ ನಿಂತಿದ್ರಲ್ಲ."

ಇಷ್ಟೇ ಹೇಳಿ ರಸ್ತೆ ದಾಟಿ ಮನೆಗೆ ಹೋದರು. ಪರಿಹಾರದ ಅರ್ಜಿಗೆ ಸಹಿ ಹಾಕಿಸಲು ಡಾಕ್ಟರು ಎರಡು ಸಲ ಬೇರೆಯವರನ್ನು ಕಳಿಸಿದರು. ಅಕ್ಕ ಹಾಕಲಿಲ್ಲ. ಆ ತಿಂಗಳ ಕೊನೆಗೆ ಮನೆಗೆ ಬೀಗ ಹಾಕಿ ರಾಯದುರ್ಗದ ತಂಗಿಯ ಮನೆಗೆ ಹೋದರು ಅಂತ ಓಣಿಯಲ್ಲಿ ಹೇಳಿದರು. ನನಗೆ ಚಳ್ಳಕೆರೆಗೆ ವರ್ಗವಾಯಿತು. ಮದುವೆಯಾಯಿತು, ಮಕ್ಕಳಾದವು, ಮನೆ ಕಟ್ಟಿಸಿದೆ. ಪ್ರದರ್ಶನಗಳು ನಡೆದಾಗಲೆಲ್ಲ ಕುರಿಯ ಕಡೆಯ ಕೆಲಸ ಕೇಳಿ ಹಾಕಿಸಿಕೊಳ್ಳುತ್ತಿದ್ದೆ.

ಗೋಡೆಗೆ ಸುಣ್ಣ ಹೊಡೆದು ಮುಗಿದ ಮಾರನೇ ದಿನ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ, "ಹೋಗಿ ಬರ್ರಿ" ಎಂದಳು. ರಾಯದುರ್ಗದ ಬಸ್ಸು ಹತ್ತಿದೆ.

ಕೇಳಿ ಕೇಳಿ ಮನೆ ಹುಡುಕಿದೆ. ತಂಗಿ ವಯಸ್ಸಾದವರು, ಮುಖದಲ್ಲಿ ಅಕ್ಕನ ಛಾಯೆ ಇತ್ತು. "ಎವರು ಕಾವಾಲಿ?" ಎಂದು ತೆಲುಗಿನಲ್ಲಿ ಯಾರು ಬೇಕೆಂದು ಕೇಳಿದವರು, ನನ್ನ ಕನ್ನಡ ಕೇಳಿ ಕನ್ನಡಕ್ಕೆ ತಿರುಗಿದರು. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಕೊನೆಯವರೆಗೂ ಬೇರೆಯವರ ಮನೆಗೆ ಕಂಡಿಕೆ ಸುತ್ತಿಕೊಡುತ್ತಿದ್ದರಂತೆ. ಬೀದಿಯಲ್ಲಿ ಮೆರವಣಿಗೆ ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರಂತೆ.

"ನೀವು ಯಾರಂತ ಗೊತ್ತಾಗ್ಲಿಲ್ಲ" ಎಂದರು.

"ಮೊಳಕಾಲ್ಮುರಲ್ಲಿ ಎದುರು ಮನೇಲಿದ್ದೆ. ಪಶು ಆಸ್ಪತ್ರೆ..."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಕ್ಕಂಗೆ ಓಡೋದು ಕಲಿಸಿದ ಡಾಕ್ಟ್ರು ನೀವೇನಾ?"

ಅಕ್ಕ ಅದನ್ನು ಯಾವ ದನಿಯಲ್ಲಿ ಹೇಳಿದ್ದರೋ ತಂಗಿಯ ಮುಖ ನೋಡಿ ನನಗೆ ತಿಳಿಯಲಿಲ್ಲ. ಹೌದು ಎಂದೆ. ಕೂತ್ಕೊಳ್ರಿ, ಕಾಫಿ ಮಾಡ್ತೀನಿ ಎಂದು ಅವರು ಒಳಗೆ ಹೋದರು. ಕ್ಷಮೆ ಕೇಳಬೇಕೆಂದು ಹೋಗಿದ್ದೆ. ತಂಗಿಯ ಹತ್ತಿರ ಕೇಳುವುದು ಸರಿಯಲ್ಲ ಅನ್ನಿಸಿತು. ಕಾಫಿ ಕುಡಿದು ಎದ್ದೆ.

ಚಳ್ಳಕೆರೆಯಿಂದ ರಾಯದುರ್ಗಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಎರಡು ಮೂರು ತಾಸು. ಅಕ್ಕ ಅಲ್ಲಿ ಅಷ್ಟು ವರ್ಷ ಬದುಕಿದ್ದರು. ನಾನು ಹೋಗಲಿಲ್ಲ.